ಟೈಗರ್‌ಗೆ ಊಟ ಹಾಕುವ ಕೈ

ಯಾರನ್ನೂ ಕೇಳದೆ ಕೆಲಸ ಕಲಿತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಆಮೇಲೆ ಅವನು ಯಾರನ್ನೂ ಏನನ್ನೂ ಕೇಳುವುದಿಲ್ಲ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಬಳ್ಳಾರಿಯಲ್ಲಿ ಇನ್ನೊಬ್ಬರ ಬೆನ್ನ ಹಿಂದೆ ನಿಂತು ನೋಡಿಯೇ ಜೀನ್ಸ್ ಹೊಲಿಯುವುದನ್ನು ಕಲಿತವನು. ಈಗ ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ನನ್ನ ಮಿಷಿನ್ ಮೇಲೆ ಬೇರೆಯವರು ಕೂತರೆ ಮೈ ಉರಿಯುತ್ತದೆ. ಕೈ ಬದಲಾದರೆ ಹೊಲಿಗೆ ಕೆಡುತ್ತದೆಂಬುದು ನನ್ನ ನಂಬಿಕೆ. ಜೊತೆಯ ಕೆಲಸಗಾರನೊಬ್ಬ ನಾಯಿಮರಿಯೊಂದನ್ನು ತಂದುಕೊಟ್ಟಾಗ ಅದೇ ನಿಯಮವನ್ನು ಅದಕ್ಕೂ ಹಚ್ಚಿದೆ. ಟೈಗರ್ ಎಂದು ಹೆಸರಿಟ್ಟು ಹುಕುಂ ಹೊರಡಿಸಿದೆ: "ಇದಕ್ಕ ಊಟ ಹಾಕೋದು ನಾನೊಬ್ಬನ. ಇನ್ನೊಬ್ರ ಕೈ ಬೀಳಬಾರದು." ಹೆಂಡತಿ ಸರೋಜ, ಜೀನ್ಸ್ ರಾಶಿಯ ನಡುವೆ ಕೂತು ಹೊಲಿಗೆಯಲ್ಲಿ ಉಳಿದ ದಾರದ ತುದಿ ಕತ್ತರಿಸುತ್ತಿದ್ದವಳು, ತಲೆ ಎತ್ತದೆ, "ಆಗಲಿ ಬಿಡ್ರಿ, ಒಂದು ಕೆಲಸ ಕಮ್ಮಿ ಆತು" ಎಂದಳು. ಅಷ್ಟು ಬೇಗ ಒಪ್ಪುವವಳೇ ಅಲ್ಲ ಅವಳು.

ಮೊದಮೊದಲು ಟೈಗರ್ ಚೆನ್ನಾಗಿಯೇ ತಿಂದಿತು. ಆಮೇಲೆ ನಾನು ಸಂಜೆ ಬಂದು ತಟ್ಟೆ ಇಟ್ಟರೆ ಮೂಸಿ, ನನ್ನ ಮುಖ ನೋಡಿ, ಮಲಗಿಬಿಡುತ್ತಿತ್ತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದೆ. ಮೊಸರನ್ನ ಕಲಸಿದೆ. ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ಊದಿ ಊದಿ ಬಾಯಿಗೆ ಹಿಡಿದೆ. ನನ್ನ ಮಕ್ಕಳಿಗೂ ಇಂಥ ಉಪಚಾರ ಮಾಡಿದ ನೆನಪಿಲ್ಲ. ಅದು ಮರ್ಯಾದೆಗೆಂದು ಒಮ್ಮೆ ನೆಕ್ಕಿತು. ಕೆಲಸದಲ್ಲೂ ಅದರದೇ ಚಿಂತೆಯಾಗಿ, ಒಂದು ಪ್ಯಾಂಟಿಗೆ ಎರಡೂ ಎಡಗಾಲನ್ನೇ ಜೋಡಿಸಿದೆ. ಊಟ ಬಿಟ್ಟ ಜೀವ ಎಷ್ಟು ದಿನ ಉಳಿದೀತು? ಅದರ ಹೊಟ್ಟೆ ಉಬ್ಬುತ್ತಿರುವುದನ್ನು ಕಂಡು ಇನ್ನಷ್ಟು ಹೆದರಿದೆ.

ಕಡೆಗೆ ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡು ಪಶು ಆಸ್ಪತ್ರೆಗೆ ಒಯ್ದೆ. "ಸಾರ್, ಅನ್ನ ಬಿಟ್ಟೈತ್ರಿ. ಹೊಟ್ಟಿಗೆ ಬಾವು ಬಂದೈತಿ. ಬದುಕ್ತೈತೇನ್ರಿ?" ಎಂದೆ. ಡಾಕ್ಟರು ಹೊಟ್ಟೆ ಒತ್ತಿದರು. ಟೈಗರ್ ದೊಡ್ಡದಾಗಿ ತೇಗಿತು.

"ಇದು ಬಾವಲ್ಲಪ್ಪಾ, ಕೊಬ್ಬು. ಹಗಲೆಲ್ಲ ಇದನ್ನ ಯಾರು ಮೇಯಿಸ್ತಾರ ವಿಚಾರಿಸು. ಹಿಂಗ ತಿಂದ್ರ ಮಾತ್ರ ಉಳಿಯೋದು ಕಷ್ಟ. ಯಾರರ ಒಬ್ಬರ ಹಾಕ್ರಿ, ಕಮ್ಮಿ ಹಾಕ್ರಿ."

ವಿಚಾರಿಸುವ ಅಗತ್ಯವೇ ಬೀಳಲಿಲ್ಲ. ಮೊಪೆಡ್ ನಮ್ಮ ಓಣಿಗೆ ತಿರುಗುತ್ತಲೇ ಕಟ್ಟೆಯ ಮೇಲೆ ದಾರ ಕತ್ತರಿಸುತ್ತಿದ್ದ ಹೆಂಗಸರೆಲ್ಲ ಎದ್ದರು. "ಬಂಗಾರೂ, ಯಾಡಿಕಿ ಪೋಯ್ನಾವ್ ರಾ?" ಎಂದು ಮೂಲೆಮನೆ ಅಜ್ಜಿ, ಎಲ್ಲಿಗೆ ಹೋಗಿದ್ದೆಯೋ ಎಂದು ತೆಲುಗಿನಲ್ಲಿ ಗದರಿದಳು. ಎದುರುಮನೆಯ ಫಾತಿಮಾ "ಮುನ್ನಾ!" ಎಂದು ಎಲುಬು ತುಂಬಿದ ಬಟ್ಟಲು ತೋರಿಸಿದಳು. ನಮ್ಮ ಸರೋಜ ನಾಚಿಕೆಯಿಲ್ಲದೆ "ಗುಂಡಾ, ಬಾ" ಎಂದಳು. ಎಲ್ಲ ಹೆಸರಿಗೂ ಅದು ಬಾಲ ಆಡಿಸಿತು. ನಾನು "ಟೈಗರ್" ಎಂದರೆ ಕಿವಿಯನ್ನೂ ಎತ್ತಲಿಲ್ಲ.

"ನಾ ಏನ್ ಹೇಳಿದ್ದೆ?" ಎಂದು ರೇಗಿದೆ.

"ನೀವು ಬರೋದು ಸಂಜಿಕ. ಅಲ್ಲೀತನ ಅದು ನಿಮ್ಮ ಹುಕುಂ ತಿಂದ್ಕೊಂಡು ಇರಬೇಕೇನ್ರಿ?" ಎಂದಳು ಸರೋಜ.

ಡಾಕ್ಟರ ಮಾತು ಹೇಳಿದಾಗ ಹೆಂಗಸರ ಮುಖ ಬಾಡಿತು. ಫಾತಿಮಾ ಬಟ್ಟಲನ್ನು ಸೆರಗಿನಡಿ ಮುಚ್ಚಿಕೊಂಡಳು. ಅಲ್ಲೇ ನಿಂತು ತೀರ್ಮಾನಿಸಿದರು: ಇನ್ನು ಮೇಲೆ ಹಾಕುವವಳು ಸರೋಜ ಒಬ್ಬಳೇ. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಹಾಗಂತ ನನ್ನ ಹಕ್ಕು ಪೂರ್ತಿ ಹೋಯಿತೆನ್ನಲಾರೆ. ಮೊನ್ನೆ ಅದು ಚರಂಡಿಗೆ ಬಿದ್ದು, ಮೈಯೆಲ್ಲ ಕೆಸರು ಮಾಡಿಕೊಂಡು, ಒಗೆದು ಹರವಿದ್ದ ಸೀರೆಗಳಿಗೆ ಒರೆಸಿಕೊಂಡಿತ್ತು. ನಾನು ಓಣಿಗೆ ಕಾಲಿಡುತ್ತಲೇ ಫಾತಿಮಾ ಬಕೆಟ್ಟು, ಸೋಪು ತಂದು ನನ್ನ ಮುಂದಿಟ್ಟಳು.

"ಬರ್ರಿ ಅಣ್ಣಾ, ನಿಮ್ಮ ಟೈಗರ್ ಕಾಯಾಕ ಹತ್ತೈತಿ."

ತೋಳು ಮಡಿಚುತ್ತಾ ಒಳಗೊಳಗೇ ಹಿಗ್ಗಿದೆ. ಕಡೆಗೂ ಓಣಿಯಲ್ಲಿ ಯಾರೋ ಅದರ ಸರಿಯಾದ ಹೆಸರು ಹಿಡಿದು ಕರೆದಿದ್ದರು.