ಕಿತ್ತಳೆ ಸಿಪ್ಪೆಯೂ ನನ್ನ ಸಂಜೆಯ ಕುರ್ಚಿಯೂ

ಸೊಳ್ಳೆಗಳ ಮೇಲೆ ನನಗೆ ಹಳೆಯ ಹಗೆಯೇನೂ ಇರಲಿಲ್ಲ. ಅವು ನನ್ನ ಕುರ್ಚಿಯ ತಂಟೆಗೆ ಬಂದದ್ದರಿಂದ ಇಷ್ಟೆಲ್ಲ ಆಯಿತು.

ನಮ್ಮ ಬಾಲ್ಕನಿಯಲ್ಲಿ ಒಂದು ಬೆತ್ತದ ಕುರ್ಚಿಯಿದೆ. ಅದರ ಒಂದು ಕೈ ಮುರಿದಿದೆ, ಕೂತರೆ ನರಳುತ್ತದೆ. ಸಂಜೆ ಬಟ್ಟೆ ಮಡಿಸಿಟ್ಟು, ಅಡಿಗೆಗೆ ಏಳುವ ಮುಂಚೆ ಸಿಗುವ ಸಣ್ಣ ಬಿಡುವಿನಲ್ಲಿ ನಾನು ಅಲ್ಲಿ ಕೂರುತ್ತೇನೆ. ಏನೂ ಮಾಡುವುದಿಲ್ಲ. (ಮನೆಯ ಹೆಂಗಸು ಏನೂ ಮಾಡದೆ ಕೂರುವುದು ಎಂಥ ಘನಕಾರ್ಯವೆಂದು ಮಾಡಿದವಳಿಗೇ ಗೊತ್ತು.) ಮನೆಯವರು ಯಾರೂ ಅತ್ತ ಸುಳಿಯುವುದಿಲ್ಲ. ಕೆಳಗಿನ ಚರಂಡಿಯಿಂದ ಸೊಳ್ಳೆಗಳು ಮಾತ್ರ ಬರುತ್ತವೆ. ಈ ವರ್ಷವಂತೂ ಬಂಧುಬಳಗದ ಸಮೇತ ಬಂದು, ನನಗಿಂತ ಮುಂಚೆಯೇ ಊಟಕ್ಕೆ ಕಾದಿರುತ್ತಿದ್ದವು. ಸೊಳ್ಳೆಬತ್ತಿ ಹಚ್ಚಿದರೆ ಅತ್ತೆಗೆ ಕೆಮ್ಮು. ಆಗ ಹೊಳೆದದ್ದು ಕಿತ್ತಳೆ ಸಿಪ್ಪೆ. ಅದರ ವಾಸನೆಗೆ ಸೊಳ್ಳೆ ಹತ್ತಿರ ಬರುವುದಿಲ್ಲವೆಂದು ಎಲ್ಲೋ ಓದಿದ್ದೆ.

"ಪ್ರಯೋಗ ಅಂದ್ಮೇಲೆ ಒಂದು ಕ್ರಮ ಬೇಕು ಕಣೇ," ಎಂದರು ನಮ್ಮವರು. ಬಿಸ್ಕತ್ತು ಕಾರ್ಖಾನೆಯಲ್ಲಿ ಅವರದು ಗುಣಮಟ್ಟದ ತಪಾಸಣೆ. ಬೇರೆಯವರು ಮಾಡಿದ್ದನ್ನು ತಿಂದು ತಲೆಯಾಡಿಸುವುದು ಅವರ ಕಸುಬು. ಮನೆಯಲ್ಲೂ ಅದನ್ನೇ ನಿಷ್ಠೆಯಿಂದ ಮುಂದುವರಿಸಿದ್ದಾರೆ. "ಒಂದು ಕೈಗೆ ಬಳೀಬೇಕು, ಇನ್ನೊಂದನ್ನ ಹಾಗೇ ಬಿಡ್ಬೇಕು. ಆಗ್ಲೇ ವ್ಯತ್ಯಾಸ ಗೊತ್ತಾಗೋದು."

"ಯಾರ ಕೈರೀ?"

"ನಿಂದೇ. ಅಲ್ಲಿ ಕೂರೋಳು ನೀನು ತಾನೆ?"

ಮಹಾಪ್ರಯೋಗ ಶುರುವಾಯಿತು. ಕ್ರಮ ಅವರದು. ಸಿಪ್ಪೆ ಒಣಗಿಸಿ, ಕಾಗೆ ಓಡಿಸಿ, ಪುಡಿ ಮಾಡಿ, ಎಣ್ಣೆಯಲ್ಲಿ ಕಾಯಿಸಿ, ಸೋಸಿ, ಮಿಕ್ಸಿಯ ಸಂದಿಯಲ್ಲಿ ಕೂತದ್ದನ್ನು ಕಡ್ಡಿಯಿಂದ ಕೆರೆದು ತೆಗೆಯುವಂಥ ಚಿಲ್ಲರೆ ಕೆಲಸಗಳು ನನ್ನವು. ಹಣ್ಣು ತಿನ್ನುವ ಭಾರವನ್ನು ಮಾತ್ರ ಅವರೂ ಮಗಳೂ ಹಲ್ಲು ಕಚ್ಚಿಕೊಂಡು ಹೊತ್ತರು.

ಮೊದಲ ಸಲ ಸಿಪ್ಪೆಗೆ ತೊಳೆ ಅಂಟಿಕೊಂಡಿತ್ತು. ಹಸಿಯಾಗಿಯೇ ಉಜ್ಜಿಕೊಂಡು ಕೂತೆ. ಸೊಳ್ಳೆ ಹೋಯಿತೋ ಇಲ್ಲವೋ, ಇರುವೆ ಬಂತು. ಬಾಗಿಲ ಸಂದಿನಿಂದ ನನ್ನ ಮೊಣಕೈವರೆಗೆ ಶಿಸ್ತಿನ ಸೈನ್ಯ.

"ನಿನ್ನ ಹಿಂದೆ ಇಷ್ಟು ಜನ ಇದ್ದಾರೆ ಅಂತ ಗೊತ್ತಿರ್ಲಿಲ್ಲ ಕಣಮ್ಮ," ಎಂದರು ಅತ್ತೆ ಒಳಗಿನಿಂದಲೇ.

ಎರಡನೆಯ ಸಲ ಒಳಗಿನ ಬಿಳಿ ಪದರವನ್ನೂ ಕೆರೆದು ಎಸೆದು, ಹೊರಗಿನ ತೆಳು ಸಿಪ್ಪೆಯನ್ನಷ್ಟೇ ಒಣಗಿಸಿ ಪುಡಿ ಮಾಡಿ ಎಣ್ಣೆಗೆ ಹಾಕಿದೆ. ಬಲಗೈಗೆ ಬಳಿದುಕೊಂಡು, ಎಡಗೈಯನ್ನು ವಿಜ್ಞಾನಕ್ಕೆ ಬಲಿಕೊಟ್ಟು ಕೂತೆ.

ಆಗ ಕಂಡದ್ದನ್ನು ಹೇಗೆ ಹೇಳಲಿ! ಒಂದು ಸೊಳ್ಳೆ ಬಲಗೈಯತ್ತ ಹಾಡಿಕೊಂಡೇ ಬಂತು. ಇನ್ನೇನು ಕೂರಬೇಕು, ಗಾಳಿಯಲ್ಲೇ ಗಕ್ಕನೆ ನಿಂತಿತು. ಯಾರೋ ಕದ ಹಾಕಿದಂತೆ. ಹಾಡು ನಿಂತಿತು. ತಿರುಗಿ ಹೊರಟುಹೋಯಿತು. ಹಿಂದಿನದೂ ಹಾಗೆಯೇ, ಅದರ ಹಿಂದಿನದೂ ಹಾಗೆಯೇ. ಕಸದ ಬುಟ್ಟಿಗೆ ಹೋಗಬೇಕಿದ್ದ ಸಿಪ್ಪೆ! ನನ್ನ ಮೈ ಜುಮ್ಮೆಂದಿತು.

"ಎಲ್ಲಾರೂ ಬನ್ನಿ!" ಎಂದು ಕೂಗಿದೆ. (ನೆನಪಿಡಿ, ಕರೆದವಳು ನಾನೇ.)

ಬಂದರು. ಅತ್ತೆ ಎದೆಯ ಮೇಲೆ ಕೈಯಿಟ್ಟು "ಅಬ್ಬಬ್ಬಾ!" ಎಂದರು. ಮಗಳು ಮೊಬೈಲನ್ನು ಕೆಳಗಿಟ್ಟಳು. ಅದೂ ಒಂದು ಪವಾಡವೇ. ದದ್ದುದದ್ದಾಗಿ ಉಬ್ಬಿದ ಎಡಗೈಯನ್ನೂ ನುಣ್ಣಗಿನ ಬಲಗೈಯನ್ನೂ ನಮ್ಮವರು ತಿರುಗಿಸಿ ತಿರುಗಿಸಿ ನೋಡಿದರು.

"ನಮ್ಮ ಪ್ರಯೋಗ ಗೆದ್ದಿತು!" ಎಂದು ತಾವೂ ಬಳಿದುಕೊಂಡರು. ಆಮೇಲೆ ಸುತ್ತ ನೋಡಿ, "ಆಹಾ, ಇಲ್ಲಿ ಎಷ್ಟು ಚೆನ್ನಾಗಿ ಗಾಳಿ ಬರುತ್ತೆ! ಒಂಚೂರು ಏಳೇ, ಕೂತು ನೋಡ್ತೀನಿ."

ಎದ್ದೆ.

ಮರುದಿನ ಸಂಜೆ ನಾನು ಹೋಗುವಷ್ಟರಲ್ಲಿ ಕುರ್ಚಿ ಅವರ ಕೆಳಗೆ ನರಳುತ್ತಿತ್ತು. ಪಕ್ಕದಲ್ಲಿ ಅತ್ತೆಯ ಸ್ಟೂಲು, ನೆಲದಲ್ಲಿ ಮಗಳ ಚಾಪೆ. ನನಗೆ ನಿಲ್ಲಲು ಹೊಸ್ತಿಲಿತ್ತು.

"ಇಷ್ಟು ವರ್ಷ ಇಂಥ ಜಾಗಾನ ಒಬ್ಳೇ ಅನುಭವಿಸ್ತಿದ್ದೆಯಲ್ಲ, ಕಳ್ಳೀ!" ಎಂದರು ಅತ್ತೆ.

"ಅಮ್ಮಾ, ವಾಸನೆ ಹೋಯ್ತು. ಇನ್ನೊಂದ್ಸಲ ಬಳಿ."

"ಹಾಗೇ ಟೀ ತಗೊಂಡು ಬಾರೇ," ಎಂದರು ನಮ್ಮವರು.

ಆ ಎಣ್ಣೆಯ ಪ್ರಭಾವ ಅಗಾಧ, ಆದರೆ ಆಯುಸ್ಸು ಕಡಿಮೆ. ಟೀ ಕುದಿಯುವಷ್ಟರಲ್ಲಿ ಮತ್ತೆ ಬಳಿಯಬೇಕು. ಬಳಿದು ಮುಗಿಸುವಷ್ಟರಲ್ಲಿ ಟೀ ಉಕ್ಕಿರುತ್ತದೆ. ಲೋಟಗಳನ್ನು ಹೊತ್ತು ಹೊಸ್ತಿಲಲ್ಲಿ ನಿಂತಾಗ ನನಗೆ ಜ್ಞಾನೋದಯವಾಯಿತು. ಆ ಬಾಲ್ಕನಿಯನ್ನು ಇಷ್ಟು ಕಾಲ ನನಗಾಗಿ ಕಾದವರು ಯಾರು? ಒಂದೊಂದು ಹನಿ ರಕ್ತದ ಸಂಬಳಕ್ಕೆ, ಗಂಡ, ಅತ್ತೆ, ಮಗಳು ಯಾರನ್ನೂ ಒಳಗೆ ಬಿಡದೆ ನಿಂತವರು ಯಾರು? ಅಂಥ ಕಾವಲುಗಾರರನ್ನು ನಾನೇ ಕೈಯಾರೆ ಓಡಿಸಿದ್ದೆ.

ಟೀ ಕೊಟ್ಟು ನಡುಮನೆಗೆ ಬಂದೆ. ಬೆರಗಾದೆ. ಇಡೀ ಮನೆ ಖಾಲಿ! ಸೋಫಾ ಖಾಲಿ! ಅದರ ನಟ್ಟನಡುವೆ ಕೂತೆ. ಕಿವಿಯ ಹತ್ತಿರ ಪರಿಚಿತ ಹಾಡು ಕೇಳಿತು. ಬಾಲ್ಕನಿ ಬಿಟ್ಟವರೆಲ್ಲ ಇಲ್ಲಿಗೇ ಬಂದಿದ್ದರು. ಪಾಪ, ಕಚ್ಚುತ್ತವೆ ನಿಜ. ಆದರೆ ಟೀ ಕೇಳುವುದಿಲ್ಲ.

ಎಡಗೈಯ ಮೇಲೆ ಒಂದು ಕೂತಿತು. ಅಭ್ಯಾಸಬಲದಿಂದ ಹೊಡೆಯಲು ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದೆ.

ಅಷ್ಟರಲ್ಲಿ ಬಾಲ್ಕನಿಯಿಂದ ಅವರ ದನಿ: "ಲೇ, ಒಳಗೆ ಸೊಳ್ಳೆ ಸೇರ್ಕೊಂಡಿರ್ಬೇಕು, ಅಲ್ಲಿಗೂ ಒಂದಿಷ್ಟು ಎಣ್ಣೆ ಕಾಯಿಸೇ! ಕ್ರಮ ನಾನು ಹೇಳ್ತೀನಿ."

ನಾನು ಎದ್ದು ಬಚ್ಚಲಿಗೆ ಹೋಗಿ, ಎಲ್ಲರಿಗೂ ಎಣ್ಣೆ ಬಳಿದ ಬಲಗೈಯನ್ನು ಸೋಪು ಹಾಕಿ ಚೆನ್ನಾಗಿ ತಿಕ್ಕಿ ತೊಳೆದು, ಮತ್ತೆ ಬಂದು ಕೂತೆ.