ನಮ್ಮ ಹೊಲಿಗೆ ಕ್ಲಾಸಿನ ಸಿಲಬಸ್

ಎಲ್ಲವನ್ನೂ ಬರೆದಿಟ್ಟರೆ ಎಲ್ಲವೂ ಸರಿಯಾಗಿ ನಡೆಯುತ್ತದೆ ಎಂದು ನಂಬಿದವರ ಮನೆಯಲ್ಲೇ ಎಡವಟ್ಟುಗಳು ನಡೆಯುವುದು. ನಮ್ಮಲ್ಲಂತೂ ವಾರಕ್ಕೊಂದು ನಡೆಯುತ್ತಿತ್ತು.

ಐವತ್ತರ ದಶಕ. ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಮನೆಯ ಮುಂದಿನ ಹಾಲಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ರವಿಕೆಯ ಅಳತೆಗೆ ಹಳೆ ಪತ್ರಿಕೆ ಕತ್ತರಿಸುತ್ತಾ, ಅದರಲ್ಲಿದ್ದ ಅಕ್ಷರ ಕೂಡಿಸಿ ಕೂಡಿಸಿ ಓದು ಕಲಿತವಳು. ಹಾಗಾಗಿ ನಾನು ಓದಿದ ಸುದ್ದಿಗೆಲ್ಲ ಕಂಕುಳ ಹತ್ತಿರದ ಭಾಗ ಕತ್ತರಿಸಿ ಹೋಗಿರುತ್ತಿತ್ತು.

ಆ ವರ್ಷ ಕ್ಲಾಸಿಗೆ ಸರ್ಕಾರದ ಮಾನ್ಯತೆ ಬೇಕಿತ್ತು. ಅದು ಸಿಕ್ಕರೆ ಮಾತ್ರ ನನ್ನ ಹನ್ನೊಂದು ಹುಡುಗಿಯರು ಪರೀಕ್ಷೆಗೆ ಕೂತು, ಮುಂದೆ ಶಾಲೆಗಳಲ್ಲಿ ಹೊಲಿಗೆ ಟೀಚರ್ ಆಗಬಹುದಿತ್ತು. ಕಚೇರಿಯವರು, "ಮೊದಲು ಸಿಲಬಸ್ ಬರೆದಿಡಿ, ಇನ್ಸ್‌ಪೆಕ್ಟರು ಬಂದು ನೋಡ್ತಾರೆ" ಎಂದರು.

ಮೇಷ್ಟ್ರ ಪಟ್ಟಿ

ನಮ್ಮ ಹಿಂದಿನ ಕೋಣೆಯಲ್ಲಿ ಕಾಲೇಜಿನ ಮೇಷ್ಟ್ರೊಬ್ಬರು ಬಾಡಿಗೆಗಿದ್ದರು. ಸಿಲಬಸ್ ಹೇಗಿರುತ್ತದೆ ಎಂದು ಕೇಳಿದ್ದಕ್ಕೆ ತಮ್ಮದನ್ನೇ ತಂದು ತೋರಿಸಿದರು. ಎರಡು ಪುಟ ತುಂಬ ಪುಸ್ತಕಗಳ ಹೆಸರು.

"ಇಷ್ಟು ಪುಸ್ತಕ ಹುಡುಗರಿಗೆ ಎಲ್ಲಿ ಸಿಗುತ್ತೆ ಮೇಷ್ಟ್ರೇ?"

"ಎಲ್ಲೂ ಸಿಗಲ್ಲಮ್ಮ."

"ನೀವು ಓದಿದೀರಾ?"

"ಸಿಕ್ಕಿದ್ರೆ ತಾನೇ ಓದೋದು!"

ಮೊದಲ ಸಾಲು

ಆದರೂ ಮೇಷ್ಟ್ರು ಒಳ್ಳೆಯವರು. ದೊಡ್ಡದೊಂದು ಕಂದು ಹಾಳೆ ತಂದು, ನಾನು ಹೇಳಿದ್ದನ್ನೆಲ್ಲ ದುಂಡಾಗಿ ಬರೆಯಲು ಕೂತರು. ಏನು ಕಲಿಸುತ್ತೇವೆ, ಏನು ತರಬೇಕು, ಎಷ್ಟು ಹೊತ್ತಿಗೆ ಬರಬೇಕು, ಅಂಕ ಹೇಗೆ ಕೊಡುತ್ತೇವೆ, ಎಲ್ಲವೂ ಇರಬೇಕಂತೆ. ಎಲ್ಲಕ್ಕಿಂತ ಮೇಲೆ, ನಟ್ಟನಡುವೆ, ಕಲಿಸುವವರ ವಿದ್ಯಾರ್ಹತೆ.

"ಇಲ್ಲ ಅಂತ ಬರೀರಿ" ಎಂದೆ.

"ಹಾಗೆ ಯಾರೂ ಬರೆಯಲ್ಲಮ್ಮ. ಮನೆಯಲ್ಲೇ ವ್ಯಾಸಂಗ ಅಂತ ಹಾಕೋಣ."

"ಮನೆಯಲ್ಲಿ ನಾನು ಮಾಡಿದ್ದು ಅಡುಗೆ. ಇಲ್ಲ ಅಂತಲೇ ಬರೀರಿ."

"ಮಾನ್ಯತೆ ಕೈತಪ್ಪಿ ಹೋಗುತ್ತೆ."

"ಹೋದ್ರೆ ಹೋಗ್ಲಿ, ಸುಳ್ಳು ಹೇಳಿ ಬರೋದು ಬೇಡ."

ಮೇಷ್ಟ್ರು ನಿಟ್ಟುಸಿರುಬಿಟ್ಟು ಬರೆದರು. ಇಡೀ ಹಾಳೆಯಲ್ಲಿ ಎಲ್ಲಕ್ಕಿಂತ ಚೆಂದದ ಅಕ್ಷರ ಅಂದರೆ ಆ 'ಇಲ್ಲ'.

ಸೈರನ್

ಹುಡುಗಿಯರ ಮನೆಗಳಲ್ಲಿ ಗಡಿಯಾರ ಇರಲಿಲ್ಲ. ಅದಕ್ಕೆ ಸಿಲಬಸ್‌ನಲ್ಲಿ ಹೀಗೆ ಬರೆಸಿದ್ದೆ: 'ಕಾರ್ಖಾನೆಯ ಒಂಬತ್ತರ ಸೈರನ್ ಕೂಗಿದ ಮೇಲೆ ಬಂದವರನ್ನು ಒಳಗೆ ಸೇರಿಸುವುದಿಲ್ಲ.'

ಒಂದು ದಿನ ಹತ್ತಾಯಿತು, ಹನ್ನೊಂದಾಯಿತು, ಒಬ್ಬರ ಸುಳಿವೂ ಇಲ್ಲ. ಹನ್ನೆರಡಕ್ಕೆ ಹನ್ನೊಂದು ಜನವೂ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ನಗುತ್ತಾ ಬಂದರು.

"ಇದೇನ್ರೇ ಇಷ್ಟು ಹೊತ್ತಿಗೆ?"

"ಇವತ್ತು ಕಾರ್ಖಾನೆಗೆ ರಜಾ ಅಕ್ಕ, ಸೈರನ್ನೇ ಕೂಗಿಲ್ಲ."

ನಿಯಮ ನನ್ನದೇ. ಆ ಲೆಕ್ಕದಲ್ಲಿ ಮಾರನೆಯ ದಿನ ಸೈರನ್ ಕೂಗುವವರೆಗೂ ಯಾರು ಯಾವಾಗ ಬಂದರೂ ತಡವಲ್ಲ.

ಮೂರನೇ ನಿಯಮ

ಕೊನೆಗೆ ಇನ್ಸ್‌ಪೆಕ್ಟರು ಬರುವ ದಿನ ಬಂತು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಒಳಗೆ ಬಂದವರೇ, "ಎಲ್ಲಿದೆಯಮ್ಮ ಸಿಲಬಸ್?" ಎಂದರು.

ಗೋಡೆ ನೋಡಿದೆ. ಅದನ್ನು ತೂಗುಹಾಕಿದ್ದ ಮೊಳೆ ಇತ್ತು, ಹಾಳೆ ಇರಲಿಲ್ಲ.

ಹೋದ ತಿಂಗಳು ಸೇರಿದ್ದ ಹುಡುಗಿ ಎದ್ದು ನಿಂತಳು. "ನಾನು ಕತ್ತರಿಸಿದೆ ಅಕ್ಕ. ಬಟ್ಟೆಗೆ ಕತ್ತರಿ ಹಾಕೋ ಮೊದಲು ಕಾಗದದಲ್ಲಿ ಕತ್ತರಿಸಿ ನೋಡಬೇಕು ಅಂತ ಮೂರನೇ ನಿಯಮ ಇದೆಯಲ್ಲ. ಬೇರೆ ಕಾಗದ ಸಿಗಲಿಲ್ಲ."

ಮೇಜಿನ ಮೇಲೆ ನಮ್ಮ ಸಿಲಬಸ್ ರವಿಕೆಯ ಒಂದು ಬೆನ್ನು, ಎರಡು ತೋಳಾಗಿ ಮಲಗಿತ್ತು. ಗುಂಡುಸೂಜಿ ಚುಚ್ಚಿ ಜೋಡಿಸಿ ಎತ್ತಿ ಹಿಡಿದೆ. ಇನ್ಸ್‌ಪೆಕ್ಟರು ಕನ್ನಡಕ ಏರಿಸಿಕೊಂಡು, ಕಲಿಸುವ ವಿಷಯವನ್ನು ಬೆನ್ನಿನಲ್ಲೂ ಅಂಕಗಳನ್ನು ಎಡತೋಳಿನಲ್ಲೂ ಓದಿದರು.

"ಮೇಲೆ ಕತ್ತಿನ ಹತ್ತಿರ ಒಂದು ಸಾಲು ಇರಬೇಕಿತ್ತಲ್ಲ?"

"ಅದು ವೇಸ್ಟು ಸಾರ್!" ಎಂದಳು ಹುಡುಗಿ, ಥಟ್ಟನೆ.

ಸುಮ್ಮನಿದ್ದರೆ ಆಗುತ್ತಿತ್ತು. ಹನ್ನೊಂದು ಜೊತೆ ಕಣ್ಣುಗಳು 'ಸುಮ್ಮನಿರಿ ಅಕ್ಕ' ಎನ್ನುತ್ತಿದ್ದವು. ನನ್ನ ಜನ್ಮದಲ್ಲಿ ಸುಮ್ಮನಿದ್ದು ಅಭ್ಯಾಸವಿಲ್ಲ. ಚೂರುಗಳ ಬುಟ್ಟಿಗೆ ಕೈಹಾಕಿ ಆ ತುಂಡನ್ನು ಹುಡುಕಿ ಅವರ ಕೈಗಿಟ್ಟೆ.

"ಶಿಕ್ಷಕಿಯ ವಿದ್ಯಾರ್ಹತೆ: ಇಲ್ಲ" ಎಂದು ಗಟ್ಟಿಯಾಗಿ ಓದಿದರು. ನನ್ನ ಮುಖ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಟೇಪು ತೆಗೆದುಕೊಂಡು ಆ ಕಾಗದದ ರವಿಕೆಯ ಎರಡೂ ಕಡೆ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಇವಳು ಕಲಿಯೋಕೆ ಸೇರಿ ಎಷ್ಟು ದಿನ ಆಯ್ತು?"

"ಒಂದೇ ತಿಂಗಳು ಸಾರ್."

"ಕತ್ತಿಗೆ ಅಂತ ತೆಗೆದ ಚೂರನ್ನ ಯಾರಾದರೂ ವಾಪಸ್ ಹೊಲೀತಾರೇನಮ್ಮ?"

"ಇಲ್ಲ ಸಾರ್."

ಅದನ್ನು ಬುಟ್ಟಿಗೆ ಹಾಕಿ, ಉಳಿದದ್ದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಸೈಕಲ್ ಹತ್ತಿದರು. ಕಚೇರಿಯ ಫೈಲಿಗಂತೆ.

ಮೂರು ವಾರಕ್ಕೆ ಕಾಗದ ಬಂತು. ಮಾನ್ಯತೆ ಮಂಜೂರು! ಹುಡುಗಿಯರು ಕುಣಿದದ್ದೇ ಕುಣಿದದ್ದು. ಟೈಪು ಮಾಡಿದ ಅಕ್ಷರಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೂ ಒಂದು ಸಾಲಿತ್ತು. ಮೇಷ್ಟ್ರನ್ನು ಕರೆಯದೆ ನಾನೇ ಓದಿದೆ:

'ನಿಮ್ಮ ಸಿಲಬಸ್ ಬೆನ್ನಿಗೆ ಸರಿಯಾಗಿ ಕೂತಿದೆ. ತೋಳು ಮಾತ್ರ ಅರ್ಧ ಅಂಗುಲ ಬಿಗಿ ಎನ್ನುತ್ತಾರೆ, ನಮ್ಮ ಮನೆಯವರು.'