ಸಮುದ್ರವಿಲ್ಲದ ಊರಲ್ಲಿ ಹಡಗಿನಂಗಡಿ

ಬೆಂಗಳೂರಿಗೆ ಸಮುದ್ರ ಬಂದರೆ ಮೊದಲು ಲಾಭವಾಗುವುದು ನನ್ನ ಸೋದರಮಾವನಿಗೆ! ವಿಜಯನಗರದಲ್ಲಿ ಮೆಟ್ರೋ ಇಳಿದು ಆರ್‌ಪಿಸಿ ಲೇಔಟಿನ ಕಡೆ ತಿರುಗಿದರೆ, ಚಪ್ಪಲಿ ಅಂಗಡಿಗೂ ಚಾಟ್ ಅಂಗಡಿಗೂ ನಡುವೆ ‘ಶಿಪ್ ಚಾಂಡ್ಲರ್’ ಎಂಬ ಬೋರ್ಡು ಕಾಣುತ್ತದೆ. ಒಳಗೆ ದಪ್ಪ ಹಗ್ಗ, ಟಾರ್ಪಾಲು, ಕೊಕ್ಕೆ, ರಾಶಿ ಮೇಣದಬತ್ತಿ. ಮಂಗಳೂರಿನಲ್ಲಿ ಹಡಗುಗಳಿಗೆ ಸಾಮಾನು ಒದಗಿಸುವ ಅಂಗಡಿಯಲ್ಲಿ ದುಡಿದ ಮಾವ, ನಿವೃತ್ತರಾಗಿ ಬರುವಾಗ ಬಂದರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಂದಿದ್ದರು.

“ಇನ್ವರ್ಟರ್ ಕಾಲದಲ್ಲಿ ಇಷ್ಟೊಂದು ಕ್ಯಾಂಡಲ್ ಯಾಕೆ ಮಾವ?” ಎಂದೆ. ಕೇಳಬಾರದಿತ್ತು!

“ಲೋ, ಚಾಂಡ್ಲರ್ ಅಂದ್ರೆ ಮೊದಲು ಕ್ಯಾಂಡಲ್ ಮಾಡೋನೇ ಕಣೋ. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಬತ್ತಿಗೇ ಒಂದು ರೂಮು. ಬತ್ತಿ ಮಾಡೋ ಕೊಬ್ಬಲ್ಲೇ ಸೋಪು ಮಾಡಿದ್ರು. ಹಡಗಿನೋರಿಗೂ ಕತ್ತಲೆ ಇರುತ್ತಲ್ಲ? ಬತ್ತಿಗೆ ಬಂದೋರು ಹಗ್ಗ ಕೇಳಿದ್ರು, ಟಾರು ಕೇಳಿದ್ರು, ಅಕ್ಕಿ ಬೇಳೆನೂ ಕೇಳಿದ್ರು. ಬತ್ತಿ ಇಲ್ದೆ ಅಂಗಡಿಗೆ ಆ ಹೆಸರೇ ಯಾಕೆ?”

ಯಾರೇ ಬರಲಿ, ಮಾವನ ಮೊದಲ ಪ್ರಶ್ನೆ: “ಹಡಗು ಯಾವಾಗ ಹೊರಡುತ್ತೆ?” ಬಂದರಿನ ಅಭ್ಯಾಸ. ಹಡಗು ಕಾಯುವುದಿಲ್ಲ, ಅದು ಹೊರಡುವ ಮೊದಲೇ ಸಾಮಾನು ಮುಟ್ಟಬೇಕು. ಬಟ್ಟೆ ಒಣಹಾಕಲು ಹಗ್ಗ ಕೇಳಿದ ಆಂಟಿಯೊಬ್ಬರು ರೇಗಿದರು: “ಬ್ಯಾಡರಹಳ್ಳಿ ಬಸ್ಸು ಹೊರಡುತ್ತೆ ಸಾರ್, ಬೇಗ ಕೊಡಿ!”

ಅತ್ತೆಯ ಗೊಣಗಾಟ ಬೇರೆ. “ಈ ಹಗ್ಗಾನೆಲ್ಲ ಯಾವ ಹಡಗಿಗೆ ಕಟ್ತೀರ್ರೀ? ಅಂಗಡಿ ಬಾಡಿಗೆಗೆ ಕೊಡಿ.”

ಈ ವರ್ಷ ಅತ್ತೆಯ ಕಣ್ಣು ಮಂಜಾಗುತ್ತಾ ಬಂದು, ಪೂರ್ತಿ ಹೋಯಿತು. ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಬೀಳುವ ಭಯಕ್ಕೆ ಅತ್ತೆ ಮಂಚ ಬಿಟ್ಟು ಇಳಿಯಲೇ ಇಲ್ಲ. ಮನೆಯನ್ನೆಲ್ಲ ಗದರಿಸಿಕೊಂಡು ಓಡಾಡುತ್ತಿದ್ದ ಅತ್ತೆ!

ಮೊನ್ನೆ ಹೋದಾಗ ಅಂಗಡಿಗೆ ಬೀಗ. ಗಾಬರಿಯಾಗಿ ಮನೆಗೆ ಓಡಿದೆ. ಅಲ್ಲಿ ಮಂಚದಿಂದ ಗೋಡೆಯುದ್ದಕ್ಕೂ, ಸೊಂಟದ ಎತ್ತರಕ್ಕೆ, ಅದೇ ದಪ್ಪ ಹಗ್ಗ ಬಿಗಿದಿತ್ತು. ಅಡುಗೆಮನೆಯ ತಿರುವಿಗೆ ಒಂದು ಗಂಟು, ಬಚ್ಚಲಿಗೆ ಎರಡು.

“ಬಿರುಗಾಳಿ ಎದ್ರೆ ಡೆಕ್ ಮೇಲೆ ಹೀಗೇ ಕಟ್ತಾರೆ. ಹಿಡ್ಕೊಂಡು ಓಡಾಡೋಕೆ,” ಎಂದರು ಮಾವ.

ಅತ್ತೆ ಹಗ್ಗ ಹಿಡಿದು ಬಂದರು. ಒಂದು ಗಂಟು ಕೈಗೆ ಸಿಕ್ಕಿದ್ದೇ ಅಡುಗೆಮನೆಯತ್ತ ತಿರುಗಿ, “ಕೂತ್ಕೊಳೋ, ಕಾಫಿ ಮಾಡ್ತೀನಿ” ಎಂದರು.

ಒಳಗಿನಿಂದಲೇ ಅತ್ತೆ ಕೆಣಕಿದರು: “ಊರೋರನ್ನೆಲ್ಲ ಕೇಳ್ತೀರಿ, ನನ್ನನ್ನ ಕೇಳ್ಲೇ ಇಲ್ವಲ್ರೀ, ಹಡಗು ಯಾವಾಗ ಹೊರಡುತ್ತೆ ಅಂತ?”

ಮಾವ ಗಂಟನ್ನು ಇನ್ನೊಮ್ಮೆ ಬಿಗಿಮಾಡಿದರು. “ನಿನ್ನನ್ನ ಕೇಳಲ್ಲ ಕಣೇ. ಈ ಹಡಗು ಹೊರಡೋದು ಬೇಡ.”